ಸ್ಟ್ರೈಕರ್‌ಗಿಂತ ಮೊದಲು ಮೈದಾನ

ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣದವರೆಗೆ ರೈಲು ಬದಲಿಸುವ ಗೋಜಿಲ್ಲ. ಅಲ್ಲಿ ಇಳಿದರೆ ಕಂಠೀರವ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. 2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಚಾಚಿಕೊಂಡ ಮೇಲೆ ನಗರದ ಪಶ್ಚಿಮ ಭಾಗದಲ್ಲಿ ಒಂದು ಹೊಸ ನೋಟ ಕಾಣತೊಡಗಿತು. ಬೆಂಗಳೂರು ಎಫ್‌ಸಿ ಪಂದ್ಯವಿರುವ ಸಂಜೆ ಉಲ್ಲಾಳ, ಮಲ್ಲತ್ತಹಳ್ಳಿ, ನಾಗರಬಾವಿ, ಕೆಂಗೇರಿ ಉಪನಗರದ ಹುಡುಗರು ನೀಲಿ ಜೆರ್ಸಿ ತೊಟ್ಟು ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಾರೆ. ವಿಶ್ವವಿದ್ಯಾಲಯದ ಹಾಸ್ಟೆಲುಗಳ ವಿದ್ಯಾರ್ಥಿಗಳೂ ಜೊತೆಗೂಡುತ್ತಾರೆ. ವಿಜಯನಗರ, ಹೊಸಹಳ್ಳಿ ದಾಟುವಷ್ಟರಲ್ಲಿ ಬೋಗಿಯ ಒಂದು ಮೂಲೆ ನೀಲಿಯಾಗಿರುತ್ತದೆ.

ಇದು ಸಣ್ಣ ಮಾತಲ್ಲ. ಬೆಂಗಳೂರಿನ ಫುಟ್‌ಬಾಲ್ ಬಹುಕಾಲ ದಂಡು ಪ್ರದೇಶದ ಆಟವಾಗಿತ್ತು. ಆಸ್ಟಿನ್ ಟೌನ್, ಶಿವಾಜಿನಗರ, ಹಲಸೂರಿನ ಗೌತಮಪುರ ಇವು ಅದರ ಕೇರಿಗಳು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. 1937 ಮತ್ತು 1938ರಲ್ಲಿ ಸತತ ಎರಡು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಈ ಊರಿನವರು. ಪಂದ್ಯ 1-2ರಿಂದ ಸೋತೆವು, ಆದರೆ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಪಶ್ಚಿಮದ ಬಡಾವಣೆಗಳ ಸಂಜೆಗಳು ಬೇರೆ ಥರ: ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್, ಅದಕ್ಕೂ ಹಿಂದೆ ಗರಡಿ ಮನೆ. ಒಂದು ರೈಲು ಮಾರ್ಗವೂ ಒಂದು ಕ್ಲಬ್ಬೂ ಸೇರಿ ಈ ಗೆರೆಯನ್ನು ಅಳಿಸುತ್ತಿವೆ. ಅದಕ್ಕಾಗಿಯೇ ಜ್ಞಾನಭಾರತಿಯ ದರ್ಶಿನಿಗಳ ಮುಂದೆ ಬೈ-ಟು ಕಾಫಿ ಹಿಡಿದು ನಡೆಯುವ ಫುಟ್‌ಬಾಲ್ ಚರ್ಚೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎನ್ನುವುದು ನನ್ನ ನಿಲುವು.

ಆ ಚರ್ಚೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

"ಮೊದ್ಲು ಒಬ್ಬ ಒಳ್ಳೆ ಸ್ಟ್ರೈಕರ್ ತರ್ಲಿ ಗುರೂ. ಛೆಟ್ರಿ ಇನ್ನೆಷ್ಟು ವರ್ಷ ಅಂತ ಎಳೀತಾರೆ?"

"ತರೋಕೆ ದುಡ್ಡೆಲ್ಲಿದೆ? ಆಗಸ್ಟಲ್ಲಿ ಸಂಬಳಾನೇ ನಿಲ್ಸಿದ್ರಲ್ಲ."

"ಅದೆಲ್ಲ ಬಿಡ್ರೋ. ಗೋಲ್ ಹಿಂದೆ ಕೂತ್ರೆ ಆ ಕಡೆ ಏನಾಗ್ತಿದೆ ಅಂತಾನೇ ಕಾಣಲ್ಲ. ಮೊದ್ಲು ಸ್ಟೇಡಿಯಂ ಸರಿ ಮಾಡ್ಲಿ."

ಮೂರನೆಯವನ ಮಾತು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸ್ಟ್ರೈಕರ್ ಮೊದಲು, ದುಡ್ಡು ಆಮೇಲೆ, ಮೈದಾನ ಕೊನೆಗೆ. ಅಭಿಮಾನಿಗಳ ಈ ಸರದಿಯನ್ನು ತಲೆಕೆಳಗು ಮಾಡಬೇಕು. ಮೈದಾನದ ಪ್ರಶ್ನೆ ಬಗೆಹರಿಯದೆ ಉಳಿದೆರಡು ಪ್ರಶ್ನೆಗಳಿಗೆ ಉತ್ತರವೇ ಇಲ್ಲ.

ದುಡ್ಡಿನಿಂದ ಶುರು ಮಾಡೋಣ, ಏಕೆಂದರೆ ಅಲ್ಲಿ ಗೊಂದಲ ಹೆಚ್ಚು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಂಸ್ಥೆಯ ಒಡೆತನದಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ದೋಹಾದಲ್ಲಿ ಇರಾಕಿನ ವಾಯುಪಡೆ ಕ್ಲಬ್ಬಿನ ಎದುರು ಒಂದು ಗೋಲಿನಿಂದ ಸೋತರೂ ಆ ಫೈನಲ್ ಆಡಿದ ಮೊದಲ ಭಾರತೀಯ ತಂಡ ನಮ್ಮದು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದು, 2019ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿನಿಂದ ಚಾಂಪಿಯನ್ ಆಯಿತು.

ಅಲ್ಲಿಂದ ಮುಂದಿನ ಕಥೆ ಏರಿಳಿತದ್ದು. ಏರಿಳಿತಕ್ಕೂ ಖರ್ಚಿಗೂ ಇರುವ ನಂಟು ಕಣ್ಣಿಗೆ ಕಾಣುವಂತಿದೆ. 2022ರಲ್ಲಿ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್‌ರಂಥ ಹೆಸರುಗಳು ಬಂದವು. ಆ ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಬಂತು, ಮುಂದಿನ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್‌ವರೆಗೆ ಹೋದೆವು. ಮರುವರ್ಷ ಕೃಷ್ಣ ತಂಡದಲ್ಲಿರಲಿಲ್ಲ. 12 ತಂಡಗಳಲ್ಲಿ 10ನೇ ಸ್ಥಾನ, ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್‌ಗೆ ವಿದಾಯ. 2024ರಲ್ಲಿ ಮತ್ತೆ ಕೈ ಬಿಚ್ಚಿದರು: ನೊಗೇರಾ, ಪೆರೇರಾ ಡಿಯಾಸ್, ಎಡ್ಗರ್ ಮೆಂಡೆಸ್ ಬಂದರು, ಭೆಕೆ ಮರಳಿದರು. ಹೆರಾರ್ಡ್ ಸರಗೋಸಾ ಅವರ ತರಬೇತಿಯಲ್ಲಿ ಲೀಗ್‌ನಲ್ಲಿ ಮೂರನೇ ಸ್ಥಾನ, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್. ಮೋಹನ್ ಬಾಗಾನ್ ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದಿತು.

ಇದನ್ನು ನೋಡಿದವರು "ಖರ್ಚು ಮಾಡಿದರೆ ಫೈನಲ್, ಬಿಟ್ಟರೆ ಹತ್ತನೇ ಸ್ಥಾನ" ಎಂದು ತೀರ್ಮಾನಿಸುವುದು ಸಹಜ. ಆದರೆ ಆ ಖರ್ಚಿನ ದುಡ್ಡು ಎಲ್ಲಿಂದ ಬರುತ್ತಿತ್ತು?

ಫುಟ್‌ಬಾಲ್ ಕ್ಲಬ್ಬಿಗೆ ಆದಾಯ ಬರುವ ಮುಖ್ಯ ದಾರಿಗಳು ನಾಲ್ಕು. ಟಿ.ವಿ. ಪ್ರಸಾರದ ಹಕ್ಕು, ಪ್ರಾಯೋಜಕರು, ಪಂದ್ಯದ ದಿನದ ಗಳಿಕೆ ಅಂದರೆ ಟಿಕೆಟ್ಟು, ಊಟ ತಿಂಡಿ, ಜೆರ್ಸಿ ಮಾರಾಟ ಇತ್ಯಾದಿ, ಮತ್ತು ಆಟಗಾರರನ್ನು ಬೇರೆ ಕ್ಲಬ್ಬಿಗೆ ಮಾರಿದ ಹಣ. ಯುರೋಪಿನ ದೊಡ್ಡ ಕ್ಲಬ್ಬುಗಳಿಗೆ ಮೊದಲನೆಯದು ಒಂದು ದೊಡ್ಡ ಆಧಾರ. ನಮ್ಮಲ್ಲಿ ಪ್ರಸಾರದ ಹಣ ಅಷ್ಟಕ್ಕಷ್ಟೆ. ವಿದೇಶದ ಕ್ಲಬ್ಬುಗಳು ನಮ್ಮ ಆಟಗಾರರನ್ನು ಕೊಂಡುಕೊಳ್ಳುವುದು ಅಪರೂಪ. ಉಳಿದದ್ದು ಪ್ರಾಯೋಜಕರು ಮತ್ತು ಮಾಲೀಕರ ಜೇಬು. ಐಎಸ್‌ಎಲ್ ಕ್ಲಬ್ಬುಗಳು ವರ್ಷಗಟ್ಟಲೆ ನಷ್ಟದಲ್ಲೇ ನಡೆದು ಬಂದವು. ನಷ್ಟ ತುಂಬಿಕೊಟ್ಟವರು ಮಾಲೀಕರು.

ಇದಕ್ಕೆಲ್ಲ ಮೇಲ್ಚಾವಣಿಯಾಗಿದ್ದದ್ದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2010ರಲ್ಲಿ ಮಾಡಿಕೊಂಡ 15 ವರ್ಷಗಳ ಒಪ್ಪಂದ. ಅದರ ಪ್ರಕಾರ ರಿಲಯನ್ಸ್ ನೇತೃತ್ವದ ಕಂಪನಿ ಒಕ್ಕೂಟಕ್ಕೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಟ್ಟು ಲೀಗ್ ನಡೆಸುತ್ತಿತ್ತು. 2025ರ ಡಿಸೆಂಬರ್ 8ಕ್ಕೆ ಒಪ್ಪಂದ ಮುಗಿಯಬೇಕಿತ್ತು, ನವೀಕರಣದ ಮಾತುಕತೆ ಕುದುರಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಪುರುಷ ಮತ್ತು ಮಹಿಳಾ ಯುವ ತಂಡಗಳಿಗೂ ಮಕ್ಕಳ ಸಾಕರ್ ಶಾಲೆಗಳಿಗೂ ಇದು ತಟ್ಟುವುದಿಲ್ಲ ಎಂದು ಹೇಳಿದ್ದೊಂದೇ ಸಮಾಧಾನ. ಅಕ್ಟೋಬರ್‌ನಲ್ಲಿ ಒಕ್ಕೂಟ ಹೊಸ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿಯ ಖಾತರಿ ಕೇಳಿತ್ತು. ನವೆಂಬರ್ 7ರ ಗಡುವು ಮುಗಿದಾಗ ಒಂದು ಬಿಡ್ಡೂ ಬಂದಿರಲಿಲ್ಲ. ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನಸುಖ್ ಮಾಂಡವಿಯಾ ಫೆಬ್ರುವರಿ 14ರಿಂದ 14 ಕ್ಲಬ್ಬುಗಳೊಂದಿಗೆ ಲೀಗ್ ಶುರುವಾಗುತ್ತದೆ ಎಂದು ಪ್ರಕಟಿಸಿದರು. ಎರಡು ಸುತ್ತಿನ ಬದಲು ಒಂದೇ ಸುತ್ತು. ಒಟ್ಟು 91 ಪಂದ್ಯ.

ಈ ಏಳು ತಿಂಗಳಲ್ಲಿ ಅಭಿಮಾನಿಗಳು ಏನು ಮಾಡಬಹುದಿತ್ತು? ಏನೂ ಇಲ್ಲ. ಟಿಕೆಟ್ ಕೊಳ್ಳಲು ಲೀಗ್ ಪಂದ್ಯವೇ ಇರಲಿಲ್ಲ. 2013ರಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗಕ್ಕೂ ಕಾಯುವುದರ ಹೊರತು ದಾರಿಯಿರಲಿಲ್ಲ. ದುಡ್ಡೆಲ್ಲ ಮೇಲಿನಿಂದ ಇಳಿದು ಬರುವ ಏರ್ಪಾಟಿನಲ್ಲಿ, ಮೇಲಿನ ನಲ್ಲಿ ನಿಂತರೆ ಕೆಳಗೆ ಎಲ್ಲವೂ ಒಣಗುತ್ತದೆ. ಕ್ಲಬ್ಬಿನ ಆದಾಯದಲ್ಲಿ ಪ್ರೇಕ್ಷಕರ ಪಾಲು ದೊಡ್ಡದಿದ್ದರೆ ಮಾತ್ರ ಪ್ರೇಕ್ಷಕರ ಮಾತಿಗೆ ತೂಕ. ಆ ಪಾಲು ದೊಡ್ಡದಾಗಬೇಕಾದರೆ ಕ್ಲಬ್ಬಿಗೆ ತನ್ನದೆಂದು ನಂಬಿ ಹೂಡಿಕೆ ಮಾಡುವಂಥ ಒಂದು ಮೈದಾನ ಬೇಕು.

ಕಂಠೀರವ ಕ್ಲಬ್ಬಿನ ಆಸ್ತಿಯಲ್ಲ. ಅದು ರಾಜ್ಯದ ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಹೊಸ ರೂಪ ಪಡೆದ ಅಥ್ಲೆಟಿಕ್ಸ್ ಕ್ರೀಡಾಂಗಣ. ಸುಮಾರು 25,000 ಜನ ಕೂರಬಹುದು. ಅಥ್ಲೆಟಿಕ್ಸ್‌ಗೆ ಕಟ್ಟಿದ್ದರಲ್ಲಿ ಫುಟ್‌ಬಾಲ್ ನೋಡುವುದು ಏಕೆ ಕಷ್ಟ ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ. 400 ಮೀಟರಿನ ಪ್ರಮಾಣಿತ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ಒಳ ತ್ರಿಜ್ಯ 36.5 ಮೀಟರ್. ಹಾಗಾಗಿ ಒಳಗಿನ ಬಯಲಿನ ಉದ್ದ ಸುಮಾರು 157 ಮೀಟರ್. ಫುಟ್‌ಬಾಲ್ ಅಂಕಣದ ಉದ್ದ 105 ಮೀಟರ್. ಎರಡೂ ಗೋಲುಗಳ ಹಿಂದೆ 26 ಮೀಟರಿನಷ್ಟು ಖಾಲಿ ಉಳಿಯುತ್ತದೆ. ಅದರಾಚೆ ಟ್ರ್ಯಾಕ್. ಒಂದೊಂದು ಪಥ 1.22 ಮೀಟರ್, ಎಂಟು ಪಥಕ್ಕೆ ಹತ್ತಿರ ಹತ್ತು ಮೀಟರ್. ಅಂದರೆ ಗೋಲಿನ ಹಿಂದೆ ಮೊದಲ ಸಾಲಿನಲ್ಲಿ ಕೂತವನಿಗೂ ಗೋಲ್‌ಕೀಪರ್‌ಗೂ ನಡುವೆ ಕಡಿಮೆಯೆಂದರೂ 36 ಮೀಟರ್. ಆ ಕಡೆಯ ಗೋಲು 140 ಮೀಟರ್ ದೂರ. ದರ್ಶಿನಿಯ ಮೂರನೆಯ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಪಕ್ಕದ ಸ್ಟ್ಯಾಂಡುಗಳಲ್ಲಿ ಈ ಅಂತರ ಹನ್ನೆರಡು ಮೀಟರಿನಷ್ಟು, ಅದಕ್ಕಾಗಿಯೇ ಉತ್ಸಾಹಿಗಳ ಬಳಗ ಪಶ್ಚಿಮದ ಪಕ್ಕದ ಸ್ಟ್ಯಾಂಡನ್ನು ಹಿಡಿದಿದೆ.

ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ 1972ರ ಒಲಿಂಪಿಕ್ ಕ್ರೀಡಾಂಗಣದಲ್ಲಿ ದಶಕಗಟ್ಟಲೆ ಆಡಿ, ಟ್ರ್ಯಾಕ್ ಇಲ್ಲದ ಫುಟ್‌ಬಾಲ್ ಕ್ರೀಡಾಂಗಣ ಕಟ್ಟಿಕೊಂಡು 2005ರಲ್ಲಿ ಅಲ್ಲಿಂದ ಹೊರಬಂತು. ನಮಗೆ ಮ್ಯೂನಿಕ್‌ವರೆಗೆ ಹೋಗುವ ಅಗತ್ಯವಿಲ್ಲ. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವನ್ನು ಆಡಿದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅದು ಚಿಕ್ಕದು, ಎಂಟು ಸಾವಿರ ಚಿಲ್ಲರೆ ಆಸನ, ಕೃತಕ ಹುಲ್ಲು. ಆದರೆ ಟ್ರ್ಯಾಕ್ ಇಲ್ಲ, ಪ್ರೇಕ್ಷಕ ಆಟದ ಮಗ್ಗುಲಲ್ಲೇ ಕೂರುತ್ತಾನೆ. ಆ ಮೊದಲ ವರ್ಷದ ಸದ್ದನ್ನು ಹಳೆಯ ಅಭಿಮಾನಿಗಳು ಈಗಲೂ ನೆನೆಯುವುದಕ್ಕೆ ಕಾರಣ ಅದೇ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಆ ಅಂಗಳವನ್ನು ನೈಸರ್ಗಿಕ ಹುಲ್ಲು, ಸುಭದ್ರ ಸ್ಟ್ಯಾಂಡ್, ಹದಿನೈದು ಸಾವಿರ ಆಸನಗಳಿಗೆ ಏರಿಸುವ ಯೋಜನೆಯೇ ಬೆಂಗಳೂರಿನ ಫುಟ್‌ಬಾಲ್‌ಗೆ ಎಲ್ಲಕ್ಕಿಂತ ಒಳ್ಳೆಯ ಉತ್ತರ ಎಂದು ನಾನು ನಂಬಿದ್ದೇನೆ. ಜಾಗ ಇಕ್ಕಟ್ಟು, ಸುತ್ತ ಅಂಗಡಿ ಮುಂಗಟ್ಟುಗಳ ಗದ್ದಲ, ಖರ್ಚು ದೊಡ್ಡದು. ಆದರೂ ಅದು ಊರ ನಡುವೆ ಇದೆ ಮತ್ತು ಅದು ಫುಟ್‌ಬಾಲಿನದೇ.

ಅಲ್ಲಿಯವರೆಗೆ ಕಂಠೀರವವೇ ಗತಿ. ಹಾಗಿರುವಾಗ ಅಥ್ಲೀಟುಗಳನ್ನು ಶತ್ರುಗಳಂತೆ ಕಾಣುವುದನ್ನು ನಮ್ಮ ಅಭಿಮಾನಿಗಳು ನಿಲ್ಲಿಸಬೇಕು. ಇದನ್ನು ಒತ್ತಿ ಹೇಳುತ್ತೇನೆ. ಫುಟ್‌ಬಾಲ್ ಋತು ಬಂದಾಗಲೆಲ್ಲ ತಮಗೆ ಅಭ್ಯಾಸಕ್ಕೆ ಮೈದಾನ ಸಿಗುವುದಿಲ್ಲ ಎಂದು ಓಟಗಾರರೂ ಎಸೆತಗಾರರೂ ವರ್ಷಗಳಿಂದ ದೂರುತ್ತಿದ್ದಾರೆ. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. 7.26 ಕಿಲೋ ತೂಕದ ಹ್ಯಾಮರ್ ಬಿದ್ದಲ್ಲಿ ಹುಲ್ಲಿನಲ್ಲಿ ಗುಂಡಿ ಬೀಳುತ್ತದೆ, ಆ ಗುಂಡಿಯಲ್ಲಿ ಫುಟ್‌ಬಾಲ್ ಆಟಗಾರನ ಪಾದ ಹೊರಳಿದರೆ ಮೊಣಕಾಲಿಗೆ ಪೆಟ್ಟು. ಅತ್ತ ಹ್ಯಾಮರ್ ಎಸೆಯುವವರಿಗೆ ಅಭ್ಯಾಸಕ್ಕೆ ಬೇರೆ ಬಯಲೇ ಇಲ್ಲ. ಇಬ್ಬರ ವಾದವೂ ಸರಿ. ತಪ್ಪಿರುವುದು ಇಬ್ಬರಿಗೂ ಹಂಚಿಕೊಡುವ ಲಿಖಿತ ವೇಳಾಪಟ್ಟಿ ಇಲ್ಲದಿರುವುದರಲ್ಲಿ. 2019ರಲ್ಲಿ ಈ ತಕರಾರು ಎಷ್ಟು ಬಿಗಡಾಯಿಸಿತೆಂದರೆ, ಆಗಷ್ಟೇ ಐಎಸ್‌ಎಲ್ ಗೆದ್ದಿದ್ದ ಕ್ಲಬ್ಬು ತವರು ಮೈದಾನವೆಂದು ಪುಣೆಯ ಬಾಲೇವಾಡಿ ಕ್ರೀಡಾಂಗಣದ ಹೆಸರು ಕೊಡುವ ಸ್ಥಿತಿ ಬಂತು. ಕೊನೆಯ ಗಳಿಗೆಯಲ್ಲಿ ಕಂಠೀರವ ಸಿಕ್ಕಿತು.

ಮೈದಾನ ಸಿಗದಿದ್ದರೆ ಏನಾಗುತ್ತದೆ ಎನ್ನುವುದು ಭಾರತದ ಫುಟ್‌ಬಾಲಿನಲ್ಲಿ ಊಹೆಯ ಮಾತಲ್ಲ. 2019ರಲ್ಲಿ ಡೆಲ್ಲಿ ಡೈನಮೋಸ್ ರಾಜಧಾನಿ ಬಿಟ್ಟು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು, ಏಕೆಂದರೆ ಅಲ್ಲಿನ ಸರ್ಕಾರ ಕಳಿಂಗ ಕ್ರೀಡಾಂಗಣದ ಬಾಗಿಲು ತೆರೆದಿತ್ತು. ಅದೇ ವರ್ಷ ಪುಣೆ ಸಿಟಿ ಮುಚ್ಚಿತು, ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2022ರಲ್ಲಿ ಚಾಂಪಿಯನ್ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ವೇತನ ಬಾಕಿಯಿಂದ ಬೇಸತ್ತ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. 2025ರಲ್ಲಿ ಆ ಕ್ಲಬ್ಬೇ ದೆಹಲಿಗೆ ಸ್ಥಳಾಂತರವಾಯಿತು. ಕಪ್ ಗೆದ್ದ ಊರಿನಲ್ಲಿ ಇವತ್ತು ಆ ತಂಡವಿಲ್ಲ. ಇದಕ್ಕೆ ಪ್ರತಿಯಾಗಿ ಜಮ್‌ಷೆಡ್‌ಪುರವನ್ನು ನೋಡಿ. ಊರು ಚಿಕ್ಕದು, ಆದರೆ ಜೆಆರ್‌ಡಿ ಟಾಟಾ ಕ್ರೀಡಾ ಸಂಕೀರ್ಣ ಕ್ಲಬ್ಬಿನ ಮಾತೃಸಂಸ್ಥೆಯದೇ. ಮುಂದಿನ ವರ್ಷ ಎಲ್ಲಿ ಆಡುತ್ತೇವೆ ಎಂಬ ಚಿಂತೆ ಅಲ್ಲಿನ ಅಭಿಮಾನಿಗೆ ಎಂದೂ ಬಂದಿಲ್ಲ. ಬೆಂಗಳೂರಿನಲ್ಲೂ ಹಳೆಯ ಪಾಠವಿದೆ: ಎಚ್‌ಎಎಲ್ ತಂಡ 2012ರವರೆಗೆ ಐ-ಲೀಗ್‌ನಲ್ಲಿತ್ತು, ಈಗಿನ ಹುಡುಗರಿಗೆ ಅದರ ಹೆಸರೇ ತಿಳಿಯದು.

ಕಂಠೀರವವನ್ನು ಸುಧಾರಿಸಲು ಸಾಧ್ಯವಿಲ್ಲ ಎನ್ನುವವರಿಗೆ ಎರಡು ಸಂಜೆಗಳನ್ನು ನೆನಪಿಸುತ್ತೇನೆ. 2023ರ ಜುಲೈ 4ರಂದು ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತ ಪೆನಾಲ್ಟಿಗಳಲ್ಲಿ ಕುವೈತನ್ನು ಮಣಿಸಿದಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. 2025ರ ಜುಲೈ 5ರಂದು ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ನಡೆಯಿತು. ಅದು ಮೊದಲು ಪಂಚಕುಲದಲ್ಲಿ ಆಗಬೇಕಿತ್ತು. ಅಲ್ಲಿನ ದೀಪಗಳ ಬೆಳಕು ಸಾಲದೆಂದು ಬೆಂಗಳೂರಿಗೆ ಬಂತು. 86.18 ಮೀಟರ್ ಎಸೆದು ನೀರಜ್ ಗೆದ್ದರು. ಇಲಾಖೆ, ಅಥ್ಲೆಟಿಕ್ಸ್ ಸಂಸ್ಥೆಗಳು, ಖಾಸಗಿ ಸಂಘಟಕರು ಒಟ್ಟಿಗೆ ಕೂತು ದಿನಾಂಕ ಗೊತ್ತು ಮಾಡಿಕೊಂಡರೆ ಇದೇ ಕ್ರೀಡಾಂಗಣ ವಿಶ್ವಮಟ್ಟದ ಕೂಟಕ್ಕೂ ತಯಾರಾಗುತ್ತದೆ. ಇದೇ ಶಿಸ್ತನ್ನು ವರ್ಷವಿಡೀ ಪಾಲಿಸಬೇಕು, ಅಷ್ಟೇ.

ಸುಧಾರಣೆ ಎಂದರೆ ದೊಡ್ಡ ಪರದೆ, ಬಣ್ಣದ ದೀಪ ಎಂದುಕೊಂಡವರೂ ಇದ್ದಾರೆ. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಗೇಟುಗಳು. 2025ರ ಜೂನ್ 4ರಂದು ಕಂಠೀರವದಿಂದ ನಡೆದು ಹೋಗುವಷ್ಟು ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯರು, ಗೆದ್ದ ಕ್ರಿಕೆಟ್ ತಂಡವನ್ನು ನೋಡುವ ಆಸೆಯಿಂದ ಬಂದವರು. ಆ ಮೇಲೆ ಯಾವ ಕ್ರೀಡಾಂಗಣದ ಬಗ್ಗೆ ಮಾತಾಡುವಾಗಲೂ ಜನ ಎಲ್ಲಿಂದ ಒಳಗೆ ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಹೊರಗೆ ಹೋಗಬಲ್ಲರು ಎನ್ನುವುದೇ ಮೊದಲ ಪ್ರಶ್ನೆಯಾಗಬೇಕು. ಎರಡನೆಯದು ಶೌಚಾಲಯ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ. ಮನೆಯ ಹೆಂಗಸರು, ಮಕ್ಕಳು ಧೈರ್ಯವಾಗಿ ಬಂದು ಕೂರುವಂತಾದರೆ ಪಂದ್ಯದ ದಿನದ ಆದಾಯ ತಾನಾಗಿ ಹೆಚ್ಚುತ್ತದೆ. ಮೂರನೆಯದು ನೀರು ಹರಿದುಹೋಗುವ ವ್ಯವಸ್ಥೆ. ಈ ಸಲದ ಲೀಗ್ ನಡೆಯುವುದು ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗು ಸಹಿತ ಮಳೆ ಹೇಗೆ ಸುರಿಯುತ್ತದೆ ಎಂದು ಮೈಸೂರು ರಸ್ತೆಯಲ್ಲಿ ಸಿಕ್ಕಿಕೊಂಡವರಿಗೆ ಹೇಳಬೇಕಾಗಿಲ್ಲ. ಹುಲ್ಲಿನಡಿಯ ಮರಳು, ಕೊಳವೆಗಳು ಸರಿಯಿದ್ದರೆ ಅರ್ಧ ಗಂಟೆಯಲ್ಲಿ ಆಟ ಶುರು ಮಾಡಬಹುದು, ಇಲ್ಲದಿದ್ದರೆ ಪಂದ್ಯವೇ ನೀರುಪಾಲು.

ಈಗ ನಮ್ಮ ಜ್ಞಾನಭಾರತಿಯ ಮಾತು. "ನಮ್ಮ ಕಡೆಯೇ ಒಂದು ಸ್ಟೇಡಿಯಂ ಕಟ್ಟಲಿ, ಯೂನಿವರ್ಸಿಟಿ ಹತ್ರ ಸಾವಿರ ಎಕರೆ ಇದೆಯಲ್ಲ" ಎನ್ನುವ ಸಲಹೆ ಚರ್ಚೆಯಲ್ಲಿ ಬಂದೇ ಬರುತ್ತದೆ. ಇದನ್ನು ನಾನು ಖಡಾಖಂಡಿತ ವಿರೋಧಿಸುತ್ತೇನೆ. ಬೆಂಗಳೂರು ವಿಶ್ವವಿದ್ಯಾಲಯದ ಆ ಜಮೀನಿನಿಂದ ಈಗಾಗಲೇ ಹಲವು ಸಂಸ್ಥೆಗಳಿಗೆ ಪಾಲು ಹೋಗಿದೆ. ಉಳಿದ ಹಸಿರು, ಅಲ್ಲಿ ವರ್ಷಗಳಿಂದ ಬೆಳೆಸಿರುವ ಜೈವಿಕ ವನ, ಕೆಂಗೇರಿಯಿಂದ ನಾಗರಬಾವಿಯವರೆಗಿನ ಜನರ ಉಸಿರು. ಫುಟ್‌ಬಾಲಿಗಾಗಿ ಒಂದು ಮರವನ್ನೂ ಕಡಿಯಬಾರದು.

ಕಡಿಯಬೇಕಾಗಿಯೂ ಇಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇರುವುದು ಇದೇ ಜ್ಞಾನಭಾರತಿಯಲ್ಲಿ. ಟೋಕಿಯೊದಲ್ಲಿ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ತಂದ ಹಾಕಿ ತಂಡ ಬೆವರು ಹರಿಸಿದ್ದು ಇಲ್ಲಿನ ಟರ್ಫ್ ಮೇಲೆ. ಆದರೆ ಆ ಗೋಡೆಯ ಹೊರಗೆ, ಮರಿಯಪ್ಪನಪಾಳ್ಯದಲ್ಲೋ ಉಲ್ಲಾಳದಲ್ಲೋ, ಸಂಜೆ ಆರರ ಮೇಲೆ ದೀಪದ ಬೆಳಕಿನಲ್ಲಿ ಚೆಂಡು ಒದೆಯಬೇಕೆಂದರೆ ಹುಡುಗರು ಗಂಟೆಗೆ ಇಷ್ಟೆಂದು ಹಣ ಕೊಟ್ಟು ಖಾಸಗಿ ಟರ್ಫ್ ಹಿಡಿಯಬೇಕು. ಐದೈದು ಜನ ಆಡುವ ಆ ಬಲೆಯೊಳಗೆ ಆಟದ ರುಚಿ ಹತ್ತಬಹುದು, ಹನ್ನೊಂದು ಜನರ ಆಟ ಕಲಿಯಲಾಗದು. ದೂರಕ್ಕೆ ಪಾಸ್ ಕೊಡುವುದು, ಜಾಗ ಅಳೆದು ಓಡುವುದು, ತೊಂಬತ್ತು ನಿಮಿಷ ಉಸಿರು ಕಾಯ್ದುಕೊಳ್ಳುವುದು ಇವೆಲ್ಲ ದೊಡ್ಡ ಬಯಲಿನಲ್ಲೇ ಬರಬೇಕು.

ಅಭಿಮಾನಿಗಳ ಇನ್ನೊಂದು ದೂರಿಗೂ ಇಲ್ಲೇ ಉತ್ತರವಿದೆ. "ತಂಡದ ಹೆಸರು ಬೆಂಗಳೂರು, ನಮ್ಮೂರ ಹುಡುಗ ಎಷ್ಟು ಜನ ಇದಾರೆ ಸಾರ್?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕ್ಲಬ್ಬು ಬಳ್ಳಾರಿ ಕಡೆಯ ವಿಜಯನಗರದಲ್ಲಿ ವಸತಿ ಅಕಾಡೆಮಿ ನಡೆಸುತ್ತದೆ, ಅದರ ಯುವ ತಂಡ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗನ್ನು 2022, 2023ರಲ್ಲಿ ಸತತವಾಗಿ ಗೆದ್ದಿತು. ಕರ್ನಾಟಕ ತಂಡವೂ 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಪ್ರತಿಭೆ ಇದೆ ಎಂದಾಯಿತು. ಪಶ್ಚಿಮದ ಬಡಾವಣೆಗಳ ಹತ್ತು ವರ್ಷದ ಮಗುವಿಗೆ ಆ ಏಣಿಯ ಮೊದಲ ಮೆಟ್ಟಿಲು ಮಾತ್ರ ಇಲ್ಲ. ವಿಶ್ವವಿದ್ಯಾಲಯದ ಈಗಿರುವ ಆಟದ ಬಯಲಿಗೆ ನಾಲ್ಕು ದೀಪದ ಕಂಬ ಹಾಕಿ, ವಾರದಲ್ಲಿ ಮೂರು ಸಂಜೆ ಸುತ್ತಲಿನ ಮಕ್ಕಳಿಗೆ ತೆರೆದಿಟ್ಟರೆ ಆಗುವ ಉಪಕಾರ ಒಬ್ಬ ವಿದೇಶಿ ಸ್ಟ್ರೈಕರ್‌ನಿಂದ ಆಗುವುದಿಲ್ಲ. ಖರ್ಚೂ ಅವನ ಸಂಬಳಕ್ಕಿಂತ ಕಡಿಮೆ.

ಸರಿ, ಈ ವರ್ಷ ಏನಾಗಬಹುದು? ಕೇಳದೆ ಬಿಡುವವರಲ್ಲ ನೀವು. 14 ತಂಡ, ಒಂದೇ ಸುತ್ತು, ತಲಾ 13 ಪಂದ್ಯ. ಇದು ನಮ್ಮ ತಂಡದ ಸ್ವಭಾವಕ್ಕೆ ಒಗ್ಗದ ಲೀಗ್ ಎಂಬುದು ನನ್ನ ಆತಂಕ. ಬೆಂಗಳೂರು ಎಫ್‌ಸಿ ನಿಧಾನಕ್ಕೆ ಕಾವೇರುವ ತಂಡ. 2022-23ರಲ್ಲಿ ಮೊದಲ 12 ಪಂದ್ಯಗಳಿಂದ ಸಿಕ್ಕದ್ದು ಬರೀ 10 ಅಂಕ. ಆಮೇಲೆ ಸತತ ಎಂಟು ಗೆಲುವು, 34 ಅಂಕ, ಪ್ಲೇಆಫ್‌ನಲ್ಲಿ ಕೇರಳದ ವಿರುದ್ಧ ಛೆಟ್ರಿಯ ಆ ಫ್ರೀ ಕಿಕ್, ಎದುರಾಳಿಗಳು ಮೈದಾನ ಬಿಟ್ಟು ನಡೆದದ್ದು, ಕೊನೆಗೆ ಫೈನಲ್. ಅಂಥ ಚೇತರಿಕೆಗೆ ಈ ಸಲ ಸಮಯವೇ ಇಲ್ಲ. ಮೊದಲ ನಾಲ್ಕು ಪಂದ್ಯದಲ್ಲಿ ಎಡವಿದರೆ ಋತು ಹೆಚ್ಚುಕಡಿಮೆ ಮುಗಿದಂತೆ.

ತಂಡದ ಹಿರಿಯ ಸ್ಟ್ರೈಕರ್ ಸುನಿಲ್ ಛೆಟ್ರಿಗೆ ಈಗ 41. ಕಳೆದ ಋತುವಿನಲ್ಲಿ 14 ಗೋಲು ಹೊಡೆದು ಲೀಗಿನ ಭಾರತೀಯರಲ್ಲಿ ಮೊದಲಿಗರಾಗಿದ್ದು ಅವರೇ. ಹೆಮ್ಮೆಯ ವಿಷಯ, ಜೊತೆಗೆ ಚಿಂತೆಯದ್ದೂ ಹೌದು, ಏಕೆಂದರೆ ಅವರ ನಂತರದವನು ಯಾರು ಎಂದರೆ ಬೆರಳು ತೋರಿಸಲು ಹೆಸರಿಲ್ಲ. ಪಂದ್ಯಗಳು ಕಡಿಮೆ ಇರುವುದು ಅವರ ಕಾಲುಗಳಿಗೆ ಅನುಕೂಲ. ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು, ಮಧ್ಯದಲ್ಲಿ ಸುರೇಶ್ ಸಿಂಗ್ ವಾಂಗ್‌ಜಂ ಅವರಂಥವರ ಅನುಭವ ಚಿಕ್ಕ ಲೀಗಿನಲ್ಲಿ ಬೆಲೆಬಾಳುತ್ತದೆ. ಎಲ್ಲ ಕ್ಲಬ್ಬುಗಳೂ ಕೈ ಬಿಗಿ ಹಿಡಿದಿರುವಾಗ ವಿದೇಶಿಯರ ಅಂತರ ತಗ್ಗುತ್ತದೆ, ಒಳ್ಳೆಯ ಭಾರತೀಯ ಆಟಗಾರರಿರುವ ತಂಡ ಮೇಲೆ ಬರುತ್ತದೆ. ಆ ಲೆಕ್ಕದಲ್ಲಿ ನಮಗೆ ಮೊದಲ ಆರರೊಳಗೆ ಜಾಗ ಸಿಗಬೇಕು ಎಂಬುದು ನನ್ನ ಅಂದಾಜು. ಕಪ್ ಗೆಲ್ಲುತ್ತೇವೆ ಎಂದು ಹೇಳುವಷ್ಟು ಸಿದ್ಧತೆ ನನಗೆ ಕಂಡಿಲ್ಲ. ಇನ್ನೊಂದು ಮಾತು: ಏಷ್ಯಾದ ಕ್ಲಬ್ ಟೂರ್ನಿಗಳಿಗೆ ಅರ್ಹರಾಗಲು ಒಂದು ಋತುವಿನಲ್ಲಿ 24 ಪಂದ್ಯಗಳಾದರೂ ಆಡಿರಬೇಕೆಂಬ ನಿಯಮವಿದೆ, ಹದಿಮೂರು ಪಂದ್ಯದ ಲೀಗ್ ಅದರ ಹತ್ತಿರಕ್ಕೂ ಬರುವುದಿಲ್ಲ. ದೋಹಾ ಫೈನಲ್‌ನಂಥ ರಾತ್ರಿಗಳು ಮರಳಬೇಕಾದರೆ ಲೀಗ್ ಮತ್ತೆ ಪೂರ್ಣ ಪ್ರಮಾಣಕ್ಕೆ ಬರಲೇಬೇಕು.

ತವರಿನಲ್ಲಿ ನಮಗೆ ಸಿಗುವುದು ಆರು ಅಥವಾ ಏಳು ಪಂದ್ಯ. ಆ ಪಂದ್ಯಗಳಿಗೆ ಹೋಗಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಖಾಲಿ ಸ್ಟ್ಯಾಂಡ್ ತೋರಿಸಿ ಯಾವ ಸರ್ಕಾರದ ಬಳಿಯೂ ಮೈದಾನ ಕೇಳಲಾಗದು. ಹೋಗಿ ಬಂದ ಮೇಲೆ ಗೇಟಿನಲ್ಲಿ, ಮೆಟ್ಟಿಲಲ್ಲಿ, ಶೌಚಾಲಯದಲ್ಲಿ ಕಂಡ ಕೊರತೆಯನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದು ಕ್ರೀಡಾ ಇಲಾಖೆಗೂ ನಿಮ್ಮ ಶಾಸಕರಿಗೂ ಕಳಿಸಿ. ಜೊತೆಗೆ ಒಂದೇ ಬೇಡಿಕೆ ಇಡಿ: ಮುಂದಿನ ಋತುವಿಗೆ ಮೊದಲು ಇಲಾಖೆ, ಅಥ್ಲೆಟಿಕ್ಸ್ ಸಂಸ್ಥೆ ಮತ್ತು ಕ್ಲಬ್ಬು ಸೇರಿ ಕಂಠೀರವದ ಬಳಕೆಗೆ ಐದು ವರ್ಷದ ಲಿಖಿತ ಒಪ್ಪಂದ ಮಾಡಿಕೊಂಡು ಅದನ್ನು ಸಾರ್ವಜನಿಕರ ಮುಂದಿಡಲಿ.